ಕೊಸರಿಗೆ ಕೊಟ್ಟ ಹಾಡುಗಳು

ಮೊನ್ನೆ ನನ್ನ ಮೊಬೈಲಿಗೆ ಒಂದು ಮೆಸೇಜು ಬಂತು. ನಾನು ಇಟ್ಟುಕೊಂಡಿರುವ ಕಾಲರ್ ಟ್ಯೂನನ್ನು ಐದು ಜನ ಸ್ನೇಹಿತರಿಗೆ ಕಳಿಸಿದರೆ ನನಗೆ ಇನ್ನೊಂದು ಹಾಡು ಒಂದು ತಿಂಗಳು ಪುಕ್ಕಟೆಯಂತೆ. ಇಂಗ್ಲಿಷಿನಲ್ಲಿದ್ದ ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿ ಮುಗಿಸುವ ಹೊತ್ತಿಗೆ ಕೈಯಲ್ಲಿದ್ದ ಟೀ ಆರಿಹೋಗಿತ್ತು. ಅರ್ಥವಾದ ಮೇಲೆ ಸಿಟ್ಟು ಬಂತು. ಇದು ನನ್ನ ಐಡಿಯಾ! ಬನಶಂಕರಿ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದಂಥ ಅಂಗಡಿಯಲ್ಲಿ ಕೂತು, ಎಷ್ಟೋ ವರ್ಷದ ಹಿಂದೆಯೇ ನಾನು ಇದನ್ನು ಕಂಡುಹಿಡಿದಿದ್ದೆ. ಈಗ ಯಾರೋ ದೊಡ್ಡವರು ನನ್ನಿಂದ ಕದ್ದಿದ್ದಾರೆ ಅನ್ನಿಸಿತು. 'ಕದ್ದಿದ್ದಾರೆ' ಅನ್ನುವ ಮಾತು ನನ್ನ ಮನಸ್ಸಿಗೆ ಬಂದದ್ದಕ್ಕೆ ನನಗೇ ನಗು ಬಂತು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಸುತ್ತಿಕೊಂಡು ಬರಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ಇದಕ್ಕೆ ಕೊಸರು ಅನ್ನುತ್ತೇವೆ. ಸೊಪ್ಪಿನವಳು ಕಟ್ಟು ಕೊಟ್ಟ ಮೇಲೆ ಮೇಲೊಂದಿಷ್ಟು ಕೊತ್ತಂಬರಿಯನ್ನು ಚೀಲಕ್ಕೆ ತುರುಕುತ್ತಾಳಲ್ಲ, ಹೂವಿನವಳು ಮೊಳ ಅಳೆದ ಮೇಲೂ ನಾಲ್ಕು ಬೆರಳು ಮುಂದಕ್ಕೆ ಬಿಟ್ಟು ದಾರ ಹರಿಯುತ್ತಾಳಲ್ಲ, ಅದು. ಕೊಸರು ಸಿಗದ ವ್ಯಾಪಾರ ನನ್ನಂಥವನಿಗೆ ಇವತ್ತಿಗೂ ವ್ಯಾಪಾರ ಅನ್ನಿಸುವುದಿಲ್ಲ. ಈಚೆಗೆ ಜಯನಗರದಲ್ಲಿ ಒಂದು ಹವಾನಿಯಂತ್ರಿತ ತರಕಾರಿ ಅಂಗಡಿಗೆ ಹೋಗಿದ್ದಾಗ ಅಭ್ಯಾಸಬಲದಿಂದ "ಸ್ವಲ್ಪ ಕೊಸರು ಆಕಮ್ಮ" ಅಂದೆ. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ನೋಡಿ, "ಅದು ಸ್ಟಾಕ್ ಇಲ್ಲ ಸಾರ್" ಅಂದಳು.

ನಮ್ಮವ್ವ ಸೊಪ್ಪು ಮಾರುತ್ತಿದ್ದಳು. ಕೋಣನಕುಂಟೆ ಇನ್ನೂ ಊರಾಗಿದ್ದ ಕಾಲ ಅದು. ಮನೆ ಹಿಂದಿನ ತುಂಡು ಜಾಗದಲ್ಲಿ ದಂಟು, ಸಬ್ಬಸಿಗೆ, ಮೆಂತ್ಯ ಬೆಳೆದು, ಬುಟ್ಟಿಯಲ್ಲಿಟ್ಟುಕೊಂಡು ಬನಶಂಕರಿ ದೇವಸ್ಥಾನದ ಹತ್ತಿರ ಬಂದು ಕೂರುತ್ತಿದ್ದಳು. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಸಲ ಪಕ್ಕದ ಪುಟ್ಟಮ್ಮ ತನ್ನ ಬುಟ್ಟಿ ನೋಡಿಕೊಳ್ಳಿ ಅಂತ ನಮಗೆ ಒಪ್ಪಿಸಿ ದೇವಸ್ಥಾನದ ಒಳಗೆ ಹೋದಳು. ಆಗ ಬಂದ ಗಿರಾಕಿಗೆ ನಾನು ಪುಟ್ಟಮ್ಮನ ಸೊಪ್ಪು ಕೊಟ್ಟು, ಕೈತುಂಬ ಕೊಸರೂ ಹಾಕಿದೆ. ಗಿರಾಕಿ ಹೆಂಗಸು ನನ್ನ ಕೆನ್ನೆ ಹಿಂಡಿ, "ಎಷ್ಟು ಧಾರಾಳಿ ನಿಮ್ಮ ಮಗ!" ಅಂತ ಹೊಗಳಿ ಹೋದಳು. ಅವಳು ಅತ್ತ ಹೋದದ್ದೇ ಅವ್ವ ನನ್ನ ಅದೇ ಕೆನ್ನೆಗೆ ಒಂದು ಕೊಟ್ಟಳು.

"ಕೊಸರು ನಮ್ ಬುಟ್ಟಿಯಿಂದ ಕೊಡ್ಬೇಕು ಕಣೋ. ಇನ್ನೊಬ್ಬಳ ಬುಟ್ಟಿಗೆ ಕೈಹಾಕಿ ಧಾರಾಳ ಮಾಡೋಕೆ ನೀನ್ಯಾವನೋ?"

ನಮ್ಮ ಸೊಪ್ಪಿನಲ್ಲಿ ಅಷ್ಟನ್ನು ತೆಗೆದು ಪುಟ್ಟಮ್ಮನ ಬುಟ್ಟಿಗೆ ಹಾಕಿದಳು. ನನಗೆ ಕೆನ್ನೆ ಉರಿದದ್ದು ನೆನಪಿದೆ. ಮಾತು ಮಾತ್ರ ಆಗ ತಲೆಗೆ ಇಳಿಯಲಿಲ್ಲ.

ತಲೆಗೆ ಇಳಿಯದೆ ಹೋದವುಗಳಲ್ಲಿ ಅದೊಂದೇ ಅಲ್ಲ. ಎಂಟನೇ ತರಗತಿಯಲ್ಲಿ ನಾನು ಎರಡು ವರ್ಷ ಕೂತೆ. ಮೂರನೇ ವರ್ಷವೂ ಕೂರಲು ತಯಾರಿದ್ದೆ, ಮೇಷ್ಟರು ತಯಾರಿರಲಿಲ್ಲ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಗಿರಿಜಕ್ಕ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಹೊಲಿಗೆ ಕಲಿತು, ತ್ಯಾಗರಾಜನಗರದಲ್ಲಿ ಒಂದು ಟೈಲರ್ ಅಂಗಡಿಗೆ ರವಿಕೆ ಹೊಲಿಯಲು ಹೋಗುತ್ತಿದ್ದಳು. ಅವ್ವನಿಗೆ ಇದ್ದ ಇನ್ನೊಂದು ವಿದ್ಯೆಯೂ ಅವಳಿಗೇ ಬಂತು. ಅವ್ವ ಮದುವೆ ಮನೆಗಳಲ್ಲಿ ಹಾಡುತ್ತಿದ್ದಳು. ಅರಿಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಬೀಗರನ್ನು ಗೇಲಿ ಮಾಡುವುದಕ್ಕೆ ಒಂದು, ಹೆಣ್ಣು ಒಪ್ಪಿಸುವಾಗ ಒಂದು, ಹೀಗೆ ಪ್ರತಿಯೊಂದು ಶಾಸ್ತ್ರಕ್ಕೂ ಹಾಡು. ಅವ್ವ ತೀರಿಕೊಂಡ ಮೇಲೆ ಜನ ಅಕ್ಕನನ್ನು ಕರೆಯತೊಡಗಿದರು. ಕರೆಯುವುದಕ್ಕೆ ಒಂದು ಕ್ರಮವಿತ್ತು. ಮದುವೆ ಮನೆಯ ಹೆಂಗಸರಿಬ್ಬರು ನಮ್ಮ ಮನೆಗೇ ಬಂದು, ಅಕ್ಕನ ಹಣೆಗೆ ಕುಂಕುಮವಿಟ್ಟು, "ಹಾಡಕ್ಕೆ ಬರ್ಬೇಕು ಗಿರಿಜಾ" ಅನ್ನಬೇಕು. ದಾರಿಯಲ್ಲಿ ಸಿಕ್ಕಾಗ ಹೇಳಿದರೆ ಆಗದು. ಅಕ್ಕ ಆ ಕುಂಕುಮವನ್ನು ಅಳಿಸದೆ ಹಾಗೇ ಟೈಲರ್ ಅಂಗಡಿಗೆ ಹೋಗುತ್ತಿದ್ದಳು. ಅವತ್ತು ಅವಳು ಹೊಲಿದ ರವಿಕೆಗಳ ತೋಳು ಸ್ವಲ್ಪ ಬಿಗಿಯಾಗುತ್ತಿದ್ದವು ಅಂತ ಅವಳ ಮಾಲೀಕರು ತಮಾಷೆ ಮಾಡುತ್ತಿದ್ದರು. ಮನಸ್ಸು ಮದುವೆ ಮನೆಯಲ್ಲಿರುತ್ತಿತ್ತಲ್ಲ.

ನಾನು ತೊಂಬತ್ತರ ದಶಕದಲ್ಲಿ ಇಟ್ಟದ್ದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ. ಹೆಸರು 'ಮಂಜು ಮ್ಯೂಸಿಕ್'. ಮಂಜುನಾಥ ಎಂಬ ನನ್ನ ಹೆಸರಿನ ಮುಂದೆ ಇಂಗ್ಲಿಷ್ ಮಾತೊಂದು ಬಂದು ಕೂತದ್ದರಿಂದ ನನ್ನ ಎತ್ತರ ಎರಡು ಅಂಗುಲ ಹೆಚ್ಚಾದಂತಾಗಿತ್ತು. ಜನ ಚೀಟಿಯಲ್ಲಿ ಬೇಕಾದ ಸಿನಿಮಾ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು. ಖಾಲಿ ಕ್ಯಾಸೆಟ್ಟಿಗೆ ಅವನ್ನು ಇಳಿಸಿಕೊಡುವುದು ನನ್ನ ಕೆಲಸ. ಅದು ತಪ್ಪು ಅಂತ ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನಕಲು ಮಾಡುವುದು ಅಪರಾಧ ಅಂತ ಅಚ್ಚಾಗಿರುತ್ತಿತ್ತು. ಅಕ್ಷರ ಬಹಳ ಸಣ್ಣದು, ಅದನ್ನೇ ನಾನು ನೆವ ಮಾಡಿಕೊಂಡಿದ್ದೆ.

ಈ ಕೆಲಸದಲ್ಲಿ ಒಂದು ತೊಡಕಿತ್ತು. ಒಂದು ಬದಿಗೆ ಆರು ಹಾಡು ಹಿಡಿಸಿದ ಮೇಲೆ ಕೊನೆಯಲ್ಲಿ ಮೂರು ನಿಮಿಷ ಉಳಿಯುತ್ತಿತ್ತು. ಇನ್ನೊಂದು ಸಿನಿಮಾ ಹಾಡು ಹಾಕಿದರೆ ಅರ್ಧಕ್ಕೆ ತುಂಡಾಗುತ್ತದೆ. ಖಾಲಿ ಬಿಟ್ಟರೆ ಗಿರಾಕಿ "ಏನ್ ಗುರು, ಟೇಪ್ ವೇಸ್ಟ್ ಮಾಡಿದೀಯ" ಅನ್ನುತ್ತಾನೆ. ಅದೇ ಹೊತ್ತಿಗೆ ಅಕ್ಕ ತಾನು ಉಳಿಸಿಟ್ಟದ್ದನ್ನೆಲ್ಲ ಹಾಕಿ, ಒಂದು ಸಣ್ಣ ಸ್ಟುಡಿಯೋದಲ್ಲಿ ಹನ್ನೆರಡು ಮದುವೆ ಹಾಡು ಹಾಡಿ, ಒಂದು ಸಣ್ಣ ಕಂಪನಿಯ ಮೂಲಕ ಕ್ಯಾಸೆಟ್ ಮಾಡಿಸಿದಳು. ಮೇಲೆ ಅವಳ ಫೋಟೋ, ಹೆಸರು. ಫೋಟೋದಲ್ಲಿ ಅವಳ ಮುಖ ಯಾಕೋ ಹಸಿರಾಗಿ ಬಂದಿತ್ತು. ಅಕ್ಕ ಅದನ್ನು ಎಲ್ಲರಿಗೂ ತೋರಿಸಿ, "ಮುಖ ನೋಡ್ಬೇಡಿ, ಹಾಡು ಕೇಳಿ" ಅನ್ನುತ್ತಿದ್ದಳು. ನನ್ನ ಅಂಗಡಿಯ ಮುಂದಿನ ಸಾಲಿನಲ್ಲೇ ಅದನ್ನು ಇಟ್ಟಿದ್ದೆ. ಸಿನಿಮಾ ಹಾಡಿಗೆ ಬಂದವರು ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಹಾಗಾಗಿ ನಾನು ಉಳಿದ ಮೂರು ನಿಮಿಷಕ್ಕೆ ಅಕ್ಕನ ಹಾಡೊಂದನ್ನು ಇಳಿಸಿ, "ಇದು ಕೊಸರು" ಅಂತ ಕೊಡತೊಡಗಿದೆ. ಹಾಡುಗಳು ಚಿಕ್ಕವು, ಜಾಗಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿದ್ದವು.

ಅಲ್ಲಿಗೇ ನಿಂತಿದ್ದರೆ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲ. ಆದರೆ ಕಾಲ ಬದಲಾಯಿತು, ಸೀಡಿ ಬಂತು. ಎಸ್.ಪಿ. ರೋಡಿನಲ್ಲಿ ಒಂದು ಕಂಪ್ಯೂಟರು ಜೋಡಿಸಿಕೊಂಡು ತಂದೆ. ಒಂದು ಸೀಡಿಗೆ ನೂರಕ್ಕೂ ಹೆಚ್ಚು ಹಾಡು ಹಿಡಿಯುತ್ತವೆ ಅಂತ ತಿಳಿದ ದಿನ ನನಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ಅಷ್ಟು ಹಾಡು ಒಟ್ಟಿಗೇ ತೆಗೆದುಕೊಂಡು ಹೋದ ಮನುಷ್ಯ ಮತ್ತೆ ನನ್ನ ಅಂಗಡಿಗೆ ಯಾಕೆ ಬಂದಾನು? ಆಗ ಹೊಳೆದದ್ದೇ ಈ ಐಡಿಯಾ. ಹಳದಿ ಕಾಗದದಲ್ಲಿ ಒಂದು ಚೀಟಿ ಜೆರಾಕ್ಸ್ ಮಾಡಿಸಿ ಪ್ರತಿ ಸೀಡಿಯ ಒಳಗೂ ಇಟ್ಟೆ. 'ಈ ಹಾಡುಗಳನ್ನು ನಿಮ್ಮ ಸ್ನೇಹಿತರಿಗೂ ಕೇಳಿಸಿ. ಒಬ್ಬರನ್ನು ಕರೆದುಕೊಂಡು ಬಂದರೆ ಹನ್ನೆರಡು ಮದುವೆ ಹಾಡು ಕೊಸರು.' ಹುಡುಗರು ಹುಡುಗರನ್ನು ಕರೆತಂದರು. ಅವರಿಗೆ ಮದುವೆ ಹಾಡು ಬೇಕಿರಲಿಲ್ಲ. ಆದರೆ ಅವರು ಮನೆಗೆ ಒಯ್ದದ್ದನ್ನು ಅವರ ಅಮ್ಮಂದಿರು ಕೇಳಿದರು. ಆಮೇಲೆ ಅಮ್ಮಂದಿರೇ, "ಇನ್ನೊಬ್ಬನ್ನ ಕರ್ಕೊಂಡ್ ಹೋಗೋ, ನಿಮ್ಮತ್ತೆಗೂ ಒಂದು ಬೇಕಂತೆ" ಅಂತ ಮಕ್ಕಳನ್ನು ಕಳಿಸತೊಡಗಿದರು. ಜೆ.ಪಿ. ನಗರ, ಬಿಟಿಎಂ ಕಡೆಯಿಂದಲೂ ಜನ ಹುಡುಕಿಕೊಂಡು ಬಂದರು. ನನ್ನ ಅಂಗಡಿಯ ಮುಂದೆ ಮೂರನೆಯವರು, ನಾಲ್ಕನೆಯವರು, ಐದನೆಯವರು ಹೊರಗೆ ನಿಂತರು.

ಅಕ್ಕನ ಹಾಡುಗಳನ್ನು ಕಂಪ್ಯೂಟರಿಗೆ ಹಾಕುವಾಗ ಪ್ರತಿಯೊಂದಕ್ಕೂ ಹೆಸರು ಟೈಪು ಮಾಡಬೇಕಿತ್ತು. ಹಾಡಿನ ಹೆಸರು, ಆಮೇಲೆ ಹಾಡಿದವರ ಹೆಸರು. ನಾನು ಒಂದು ಬೆರಳಿನಲ್ಲಿ ಟೈಪು ಮಾಡುವವನು. ಇನ್ನೊಂದು ನ್ಯೂನತೆಯೂ ನನಗುಂಟು. ನನ್ನ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲಿಗೆ ಆಲು, ಹೂವಿಗೆ ಊವು ಅನ್ನುತ್ತೇನೆ. ಶಾಲೆಯಲ್ಲಿ ಮೇಷ್ಟರು 'ಹ' ಅನ್ನಿಸುವುದಕ್ಕಾಗಿ ನನಗೆ ಹೊಡೆಯುತ್ತಿದ್ದರು. ಹೊಡೆತ ಬಿದ್ದಾಗ 'ಹಾ' ಅಂತ ಚೆನ್ನಾಗಿಯೇ ಬರುತ್ತಿತ್ತು. ನಾಲಿಗೆ ಹೇಳಿದಂತೆ ಬೆರಳು ಟೈಪು ಮಾಡಿತು. 'ಹಸೆಗೆ ಕರೆಯುವ ಹಾಡು' ಇಂಗ್ಲಿಷ್ ಅಕ್ಷರದಲ್ಲಿ 'ಅಸೆಗೆ' ಆಯಿತು, 'ಹೆಣ್ಣು ಒಪ್ಪಿಸುವ ಹಾಡು' 'ಎಣ್ಣು' ಆಯಿತು. ಇನ್ನು ಹಾಡಿದವರ ಹೆಸರಿನ ಜಾಗ. ಅಲ್ಲಿ ಗಿರಿಜಾ ಅಂತ ಹಾಕಬೇಕಿತ್ತು. ಅದರಲ್ಲಿ ಹಕಾರವೂ ಇಲ್ಲ, ಉದ್ದವೂ ಇಲ್ಲ. ನಾನು ಹಾಕಿದ್ದು ಮಂಜು ಮ್ಯೂಸಿಕ್ ಅಂತ.

ಯಾಕೆ ಹಾಗೆ ಮಾಡಿದೆ ಅಂತ ಬಹಳ ಸಲ ಯೋಚಿಸಿದ್ದೇನೆ. ಹಾಡು ಕೈಯಿಂದ ಕೈಗೆ ಹೋದಾಗ ಜನ ಹುಡುಕಿಕೊಂಡು ಬರಬೇಕಾದದ್ದು ಅಂಗಡಿಗೆ ತಾನೆ ಅನ್ನುವ ಲೆಕ್ಕ ಒಂದಿತ್ತು. ಅಕ್ಕನ ಹಾಡಿನಿಂದ ಅಕ್ಕನಿಗೇ ಒಳ್ಳೆಯದಾಗುತ್ತದೆ, ನಾಲ್ಕು ಜನ ಕೇಳಲಿ ಅನ್ನುವ ಸಮಾಧಾನವೂ ಇತ್ತು. ನಾಲ್ಕು ಜನ ಕೇಳಿದ್ದಂತೂ ನಿಜ. ಯಾರ ದನಿ ಕೇಳುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗದ ಹಾಗೆ ನಾನು ನೋಡಿಕೊಂಡಿದ್ದೆ. ಅಕ್ಕನಿಗೆ ಇದಾವುದನ್ನೂ ಹೇಳಿರಲಿಲ್ಲ.

ಈ ನಡುವೆ ನನಗೂ ಒಂದು ಪೆಟ್ಟು ಬಿತ್ತು, ಅದನ್ನೂ ಹೇಳಿಬಿಡುತ್ತೇನೆ. ಗಿರಾಕಿಗಳು ತಾವೇ ಮನೆಯಲ್ಲಿ ಕಂಪ್ಯೂಟರು ಇಟ್ಟುಕೊಂಡು ನನ್ನ ಸೀಡಿಗಳನ್ನು ನಕಲು ಮಾಡತೊಡಗಿದರು. ಒಬ್ಬ ಕಾಲೇಜು ಹುಡುಗ ಅಂಗಡಿಗೆ ಬಂದು ನನ್ನ ಹತ್ತಿರವೇ ಖಾಲಿ ಸೀಡಿ ಕೇಳಿದಾಗ ತಡೆಯಲಾಗಲಿಲ್ಲ.

"ಏನಪ್ಪಾ, ನಾನು ಕಷ್ಟಪಟ್ಟು ಮಾಡಿದ್ದನ್ನ ಇಂಗೆ ಫ್ರೀಯಾಗಿ ಅಂಚ್ತಿದೀಯಲ್ಲ, ಇದು ನ್ಯಾಯನಾ?"

"ನೀವೇ ಚೀಟೀಲಿ ಬರ್ದಿದೀರಲ್ಲ ಅಣ್ಣ, ಸ್ನೇಹಿತರಿಗೂ ಕೇಳಿಸಿ ಅಂತ?"

"ಕೇಳಿಸಿ ಅಂತ ಬರ್ದಿರೋದು, ಕಾಪಿ ಮಾಡಿ ಅಂತ ಬರ್ದಿದೀನಾ?"

"ಸರಿ ಬಿಡಿ. ನೀವು ಯಾವ ಸಿನಿಮಾಗೆ ಮ್ಯೂಸಿಕ್ ಮಾಡಿದ್ದು ಅಣ್ಣ? ಹೇಳಿ, ಥಿಯೇಟರ್‌ಗೇ ಹೋಗಿ ನೋಡ್ತೀನಿ."

ಸುತ್ತ ಇದ್ದವರು ನಕ್ಕರು. ನಾನೂ ನಗಬೇಕಾಯಿತು. ಖಾಲಿ ಸೀಡಿ ತೆಗೆದುಕೊಟ್ಟೆ.

ಅಕ್ಕನ ಹಣೆಗೆ ಕುಂಕುಮವಿಡಲು ಬರುವವರು ಕಡಿಮೆಯಾದದ್ದು ಇದೇ ಸುಮಾರಿಗೆ. ಮೊದಲು ಮದುವೆಯ ತಿಂಗಳುಗಳಲ್ಲಿ ವಾರಕ್ಕೆ ಎರಡು ಮನೆಯವರಾದರೂ ಬರುತ್ತಿದ್ದರು. ಆಮೇಲೆ ತಿಂಗಳಿಗೆ ಒಬ್ಬರು. ಒಂದು ವೈಶಾಖದಲ್ಲಿ ಯಾರೂ ಬರಲಿಲ್ಲ. ಅಕ್ಕ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಯನ್ನು ಬರಿದಾಗಿ ಬಿಟ್ಟುಕೊಂಡು, ಬಾಗಿಲ ಹತ್ತಿರ ಹೊಲಿಗೆ ಮಿಷನ್ ಎಳೆದುಕೊಂಡು ಕೂರುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಏಳುವಾಗ ತಾನೇ ಕುಂಕುಮ ಇಟ್ಟುಕೊಳ್ಳುತ್ತಿದ್ದಳು.

"ಮಂಜ, ಈ ವರ್ಷ ಮುಹೂರ್ತಗಳೇ ಕಮ್ಮಿ ಅಲ್ವೇನೋ?" ಅಂತ ಒಂದು ದಿನ ಕೇಳಿದಳು.

ಆ ವರ್ಷ ಮುಹೂರ್ತಗಳು ರಾಶಿ ಬಿದ್ದಿದ್ದವು. ಕನಕಪುರ ರಸ್ತೆಯುದ್ದಕ್ಕೂ ಛತ್ರಗಳಿಗೆ ದೀಪದ ಸರ ಬಿಟ್ಟಿದ್ದರು. ಅಂಗಡಿಯಿಂದ ಮನೆಗೆ ಬರುವಾಗ ಮೂರು ಕಡೆ ನಾನು ಅಕ್ಕನ ದನಿ ಕೇಳಿಕೊಂಡೇ ಬಂದಿದ್ದೆ. ಒಂದು ಛತ್ರದಲ್ಲಿ ಅವಳು ಅರಿಶಿನ ಹಚ್ಚುತ್ತಿದ್ದಳು, ಇನ್ನೊಂದರಲ್ಲಿ ಬೀಗರನ್ನು ಬೈಯುತ್ತಿದ್ದಳು.

"ಊಂ ಅಕ್ಕ. ಬಾಳ ಕಮ್ಮಿ," ಅಂದೆ.

ನಾನು ತಪ್ಪೊಪ್ಪಿಕೊಳ್ಳಲು ಹೊರಟ ಸಂಗತಿಗಳಲ್ಲಿ ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಚಿಕ್ಕದು, ಅದರಲ್ಲಿ ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ, ಅಷ್ಟೇ.

ನಮ್ಮ ಬೀದಿಯಲ್ಲಿ ಹಾಲಿನ ಬೂತ್ ಇಟ್ಟಿದ್ದ ನಂಜಮ್ಮ ತನ್ನ ಎರಡನೇ ಮಗಳ ಮದುವೆಗೆ ಕರೆಯಲು ಬಂದಳು. ಮೊದಲ ಮಗಳ ಮದುವೆಯಲ್ಲಿ ಹಾಡಿದ್ದವಳು ಅಕ್ಕನೇ. ನಂಜಮ್ಮನ ಕೈಯಲ್ಲಿ ಕುಂಕುಮದ ಬಟ್ಟಲು ಇರಲಿಲ್ಲ, ಬರೀ ಕಾರ್ಡಿತ್ತು.

"ಈ ಸಲ ನಿಂಗೆ ತೊಂದ್ರೆ ಕೊಡಲ್ಲ ಕಣವ್ವ ಗಿರಿಜಾ. ನಮ್ ಹುಡುಗ ಎಲ್ಲಿಂದ್ಲೋ ಸೀಡಿ ತಂದವ್ನೆ. ಎಲ್ಲಾ ಹಾಡೂ ಐತೆ. ಯಾರೋ ಮಹರಾಯ್ತಿ, ಥೇಟ್ ನಿನ್ ಥರಾನೇ ಹಾಡವ್ಳೆ! ನೀನು ಆರಾಮಾಗಿ ಬಂದು ಕೂತ್ಕೊಂಡು, ಊಟ ಮಾಡ್ಕೊಂಡ್ ಹೋಗು."

ನಾನು ಒಳಗೆ ನೀರು ಕುಡಿಯುತ್ತಿದ್ದೆ. ಲೋಟ ಮುಗಿದರೂ ಕುಡಿಯುತ್ತಲೇ ಇದ್ದೆ. ನಂಜಮ್ಮ ಹೋದ ಮೇಲೆ ಅಕ್ಕ ಒಳಗೆ ಬಂದಳು. ಅವಳ ಮುಖದಲ್ಲಿ ಬೇಜಾರಿರುತ್ತದೆ ಅಂದುಕೊಂಡಿದ್ದೆ. ಬದಲಿಗೆ ಕಣ್ಣು ಹೊಳೆಯುತ್ತಿದ್ದವು.

"ಮಂಜ, ಅದು ನಂದೇ ಇರ್ಬೇಕು ಕಣೋ! ಕ್ಯಾಸೆಟ್ ಕಂಪನಿಯವ್ರು ಸೀಡಿ ಮಾಡಿರ್ಬೇಕು. ನೋಡು, ಒಂದ್ ಮಾತು ಹೇಳಿಲ್ಲ ನಂಗೆ. ಕಳ್ರು!"

ಹಾಗೆ ಅನ್ನುವಾಗ ಅವಳು ನಗುತ್ತಿದ್ದಳು. "ಈ ಸಲ ಫೋಟೋ ನೆಟ್ಟಗೆ ಹಾಕವ್ರೋ ಇಲ್ವೋ ನೋಡ್ಬೇಕು," ಅಂದಳು.

ಮದುವೆ ಜೆ.ಪಿ. ನಗರದ ಒಂದು ಛತ್ರದಲ್ಲಿ. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ನಾವು ಹೋದಾಗ ವರನ ಕಡೆಯವರನ್ನು ಎದುರುಗೊಳ್ಳುತ್ತಿದ್ದರು. ಮೈಕ್‌ಸೆಟ್ಟಿನವನು ವೇದಿಕೆಯ ಪಕ್ಕದಲ್ಲಿ ಮೇಜು ಹಾಕಿಕೊಂಡು, ಸೀಡಿ ಹಾಕಿ, ಒಂದು ಪುಟ್ಟ ಟಿವಿಯನ್ನು ಮುಂದಿಟ್ಟುಕೊಂಡು ಕೂತಿದ್ದ. ಹಾಡು ಶುರುವಾಯಿತು. ಮೊದಲು ಬಂದದ್ದು ಆರತಿ ಹಾಡು. ಆರತಿ ಎಲ್ಲ ಮುಗಿದ ಮೇಲೆ ಆಗಬೇಕಾದದ್ದು. ವರ ಇನ್ನೂ ಕಾರಿನಿಂದ ಇಳಿದಿರಲಿಲ್ಲ. ಅಕ್ಕ ನನ್ನ ಕಡೆ ಬಗ್ಗಿ, "ನನ್ ದನೀನೇ ಕಣೋ" ಅಂದಳು. ಆಮೇಲೆ, "ಯಾಕೆ ಹಿಂದುಮುಂದಾಗೈತೆ?" ಅಂದಳು.

ಸೀಡಿಯಲ್ಲಿ ಹಾಡುಗಳು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಬರುತ್ತವೆ, ಶಾಸ್ತ್ರದ ಸಾಲಿನಲ್ಲಲ್ಲ. ಆರತಿ, ಅರಿಶಿನ, ಅಸೆ. ಆಮೇಲೆ ಬಾಗಿಲು ತಡೆಯುವ ಹಾಡು, ಬೀಗರ ಹಾಡು, ಧಾರೆ. ಅದಾದ ಮೇಲೆ ಎಣ್ಣು. ಹಕಾರ ಇದ್ದಿದ್ದರೆ ಅದು ಗಂಗೆಯ ಹಾಡು, ಗೌರಿಯ ಹಾಡು ಎಲ್ಲ ಕಳೆದ ಮೇಲೆ ಬರುತ್ತಿತ್ತು, ಅಷ್ಟರಲ್ಲಿ ತಾಳಿಯಾದರೂ ಆಗಿರುತ್ತಿತ್ತೋ ಏನೋ. ವರನ ಕಾಲು ತೊಳೆಯುತ್ತಿದ್ದ ಹೊತ್ತಿಗೆ, ಹೆತ್ತ ಮಗಳನ್ನು ಒಪ್ಪಿಸಿದ್ದೇವೆ, ತಪ್ಪಿದ್ದರೆ ತಿದ್ದಿಕೊಳ್ಳಿ ಅಂತ ಅಕ್ಕನ ದನಿ ಇಡೀ ಛತ್ರಕ್ಕೆ ಕೇಳಿಸಿತು. ಅವ್ವನ ಕಾಲದಿಂದಲೂ ಆ ಹಾಡು ಕೇಳಿದರೆ ಹೆಂಗಸರು ಅಳುವುದು ರೂಢಿ. ನಂಜಮ್ಮ ಚೊಂಬು ಹಿಡಿದುಕೊಂಡೇ ಅತ್ತಳು. ಅವಳನ್ನು ನೋಡಿ ಅವಳ ತಂಗಿ ಅತ್ತಳು. ವರ ಒಂದು ಕಾಲು ತಟ್ಟೆಯಲ್ಲಿಟ್ಟುಕೊಂಡು ಗಾಬರಿಯಿಂದ ಸುತ್ತ ನೋಡಿದ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಎದ್ದು ನಿಂತು ಕೂಗಿದಳು:

"ಯಾವನ್ಲಾ ಅವ್ನು ಮೈಕ್‌ಸೆಟ್ಟು! ತಾಳಿನೇ ಕಟ್ಟಿಲ್ಲ, ಆಗ್ಲೇ ಹೆಣ್ಣು ಕಳಿಸ್ತಾವ್ನಲ್ಲಾ! ನಿಲ್ಸಲಾ!"

ಜನ ಅಳುತ್ತಲೇ ನಕ್ಕರು. ಅಕ್ಕ ಎದ್ದು ಮೈಕ್‌ಸೆಟ್ಟಿನವನ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ. ಹೋಗದೆ ಇರಲು ಧೈರ್ಯವಾಗಲಿಲ್ಲ.

"ಅಣ್ಣ, ಇದನ್ನ ಹಿಂಗೆ ಹಾಕ್ಬಾರ್ದು. ಯಾವುದಾದ್ಮೇಲೆ ಯಾವುದು ಅಂತ ನಾನು ಹೇಳ್ತೀನಿ. ಹಾಡಿರೋಳು ನಾನೇ."

ಅವನು ಒಂದು ಸಲ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಒರಟನೇನಲ್ಲ. ಬೆಳಗಿನಿಂದ ಹತ್ತು ಜನ ಬಂದು ಹತ್ತು ಥರ ಹೇಳಿರಬೇಕು, ಸುಸ್ತಾಗಿದ್ದ.

"ಅಕ್ಕ, ಇದು ಮಂಜು ಮ್ಯೂಸಿಕ್‌ನವ್ರದ್ದು. ನೋಡಿ ಇಲ್ಲಿ, ಹನ್ನೆರಡಕ್ಕೂ ಬರ್ದೈತೆ."

ಟಿವಿಯ ಪರದೆಯ ಮೇಲೆ ಪಟ್ಟಿ ಇತ್ತು. ಅಕ್ಕ ಬಗ್ಗಿ ಓದಿದಳು. ಇಂಗ್ಲಿಷ್ ಅಕ್ಷರಗಳನ್ನು ಅವಳು ತುಟಿ ಅಲುಗಿಸಿಕೊಂಡು ನಿಧಾನವಾಗಿ ಓದುತ್ತಾಳೆ. ಹನ್ನೆರಡು ಸಾಲನ್ನೂ ಓದಿದಳು. ಓದಿ ಮುಗಿಸಿ ನೆಟ್ಟಗೆ ನಿಂತು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ನಾನು ಈಗ ಏನೋ ಹೇಳುತ್ತೇನೆ ಅಂತ ಕಾಯುವವಳ ಹಾಗೆ ನೋಡಿದಳು. ಮೈಕ್‌ಸೆಟ್ಟಿನವನೂ ನನ್ನನ್ನೇ ನೋಡಿದ. ನನ್ನ ಅಂಗಡಿಯ ಗಿರಾಕಿಗಳಿಬ್ಬರು ಹತ್ತಿರದಲ್ಲೇ ನಿಂತಿದ್ದರು.

ಹೇಳಬೇಕಾಗಿದ್ದದ್ದು ಮೂರೇ ಮಾತು. ಹಾಡಿರೋದು ಇವಳೇ ಕಣಯ್ಯ. ಅಷ್ಟೇ.

"ಬಾ ಅಕ್ಕ, ಎಲೆ ಆಕ್ತಾವ್ರೆ, ಊಟಕ್ಕೆ ಕೂರೋಣ," ಅಂದೆ.

ಎಲೆ ಇನ್ನೂ ಹಾಕಿರಲಿಲ್ಲ. ಖಾಲಿ ಪಂಕ್ತಿಯಲ್ಲಿ ನಾವಿಬ್ಬರೇ ಬಹಳ ಹೊತ್ತು ಕೂತಿದ್ದೆವು. ಹೊರಗೆ ಹಾಡು ನಿಂತು, ವಾಲಗ ಶುರುವಾಗಿತ್ತು. ಎಲೆ ಬಂತು, ಉಪ್ಪು ಬಂತು, ಕೋಸಂಬರಿ ಬಂತು. ಅಕ್ಕ ಎಲೆಗೆ ನೀರು ಚಿಮುಕಿಸಿ ಒರೆಸುತ್ತಾ ಕೇಳಿದಳು:

"ಹಸೆಗೆ ಹ ಇರ್ತದಲ್ವೇನೋ ಮಂಜ?"

"ಟೈಪ್ ಮಾಡೋವಾಗ ಬಿಟ್ಟೋಯ್ತು ಅಕ್ಕ."

"ನನ್ ಹೆಸರು?"

"ಅದೂ ಬಿಟ್ಟೋಯ್ತು."

ಅವಳು ಊಟ ಮಾಡಿದಳು. ಎರಡನೇ ಸಲ ಪಾಯಸವನ್ನೂ ಹಾಕಿಸಿಕೊಂಡಳು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆಯಬಹುದಿತ್ತು. ಆದರೆ ನಾನೂ ಚೆನ್ನಾಗಿಯೇ ಉಂಡೆ. ತಪ್ಪು ಮಾಡಿದವನಿಗೆ ಹಸಿವಾಗುವುದಿಲ್ಲ ಅನ್ನುವುದು ಕಥೆಗಳಲ್ಲಿ ಮಾತ್ರ.

ಆಮೇಲೆ ಅಕ್ಕ ಆ ವಿಷಯ ಎತ್ತಲಿಲ್ಲ. ಜಗಳವಾಗಲಿಲ್ಲ, ಮಾತು ಬಿಡಲಿಲ್ಲ, ನನ್ನ ಅಂಗಿಗೆ ಗುಂಡಿ ಹಾಕಿಕೊಡುವುದನ್ನೂ ನಿಲ್ಲಿಸಲಿಲ್ಲ. ಒಂದೇ ಒಂದು ವ್ಯತ್ಯಾಸ. ಹೊಲಿಯುತ್ತಾ ಗುನುಗುತ್ತಿದ್ದವಳು ನಾನು ಒಳಗೆ ಬಂದರೆ ನಿಲ್ಲಿಸುತ್ತಿದ್ದಳು, ಜೇಬಿನಲ್ಲಿ ರೆಕಾರ್ಡರು ಇಟ್ಟುಕೊಂಡು ಬಂದವನನ್ನು ಕಂಡ ಹಾಗೆ. ಹೆಸರು ತಿದ್ದಿ ಹೊಸ ಸೀಡಿ ಮಾಡಿದೆ, ಶಾಸ್ತ್ರದ ಸಾಲಿಗೆ ಒಂದು, ಎರಡು ಅಂತ ನಂಬರೂ ಹಾಕಿದೆ. ಯಾರೂ ತೆಗೆದುಕೊಳ್ಳಲಿಲ್ಲ. "ನಮ್ಮನೇಲಿ ಆಗ್ಲೇ ಇದೆ" ಅಂದರು. ಹಳೆಯದು ಅಷ್ಟು ಹೊತ್ತಿಗೆ ಎಷ್ಟು ಮನೆ ಹೊಕ್ಕಿತ್ತೋ, ಅದನ್ನು ವಾಪಸು ಕರೆಯುವ ಬಗೆ ನನಗೆ ತಿಳಿಯಲಿಲ್ಲ. ಸ್ವಲ್ಪ ದಿನಕ್ಕೆ ಪೆನ್‌ಡ್ರೈವು ಬಂತು, ಮೊಬೈಲು ಬಂತು, ಮಂಜು ಮ್ಯೂಸಿಕ್ ಮುಚ್ಚಿತು. ಈಗ ಅದೇ ಜಾಗದಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ನಕಲು ಮಾಡುವ 'ಅಬ್ಯಾಸ' ಬಿಟ್ಟುಹೋಗಿಲ್ಲ. ಈಗ ಜನ ಅವರವರ ಕಾಗದ ಅವರವರೇ ತರುತ್ತಾರೆ, ಅಷ್ಟೇ.

ಹೋದ ವರ್ಷ ಕೋಣನಕುಂಟೆಯಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆಯಾಯಿತು. ಅಕ್ಕ, ನಾನು ಇಬ್ಬರೂ ಹೋಗಿದ್ದೆವು. ಯಾರೋ ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿ ಹಾಡು ಹಾಕಿದ್ದರು. ಅಕ್ಕನ ಹಾಡೇ. ಎಷ್ಟು ಕೈ ದಾಟಿ ಬಂದಿತ್ತೋ, ದನಿ ಸ್ವಲ್ಪ ಕೊಳವೆಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಹಸೆಗೆ ಕರೆಯುವಾಗ ಹಸೆಯ ಹಾಡೇ ಬಂತು; ಯಾರೋ ಪುಣ್ಯಾತ್ಮರು ನಡುವೆ ಎಲ್ಲೋ ಸಾಲು ಸರಿ ಮಾಡಿದ್ದರು. ನಮ್ಮ ಪಕ್ಕದ ಕುರ್ಚಿಯಲ್ಲಿ ವರನ ಕಡೆಯ ಹುಡುಗಿಯೊಬ್ಬಳು ಕೂತಿದ್ದಳು, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಅಕ್ಕ ತನಗೆ ಗೊತ್ತಿಲ್ಲದ ಹಾಗೆ ಸ್ಪೀಕರಿನ ಜೊತೆಗೆ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಸ್ಪೀಕರಿನ ದನಿ ಏರಿದ ಕಡೆ ಅವಳ ದನಿ ಈಗ ಏರುವುದಿಲ್ಲ. ಅಲ್ಲಿ ಸುಮ್ಮನಾಗಿ, ಅದು ಇಳಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದಳು.

"ಆಂಟಿ, ಇಡೀ ಹಾಡು ಬರುತ್ತಾ ನಿಮ್ಗೆ? ಸಖತ್!" ಅಂದಳು ಹುಡುಗಿ.

"ಅಲ್ಲಲ್ಲಿ ಸ್ವಲ್ಪ," ಅಂದಳು ಅಕ್ಕ.

ನಾನು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ:

"ಅದರಲ್ಲಿ ಆಡ್ತಿರೋದು ಇವರೇ ಕಣಮ್ಮ. ನಮ್ಮಕ್ಕ. ಗಿರಿಜಾ ಅಂತ ಎಸರು."

ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು. ಹುಡುಗಿ ಸ್ಪೀಕರಿನ ಕಡೆ ನೋಡಿದಳು, ಅಕ್ಕನ ನರೆತ ತಲೆಯ ಕಡೆ ನೋಡಿದಳು, ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ಹೋಗಿ ಅಂಕಲ್! ಚೆನ್ನಾಗಿ ರೀಲ್ ಬಿಡ್ತೀರ."

ನಾನು ಅಕ್ಕನ ಕಡೆ ತಿರುಗಿದೆ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಒಂದು ಸಾಲು ಹಾಡಿದರೂ ಸಾಕಿತ್ತು. ಅವಳು ಸೆರಗು ಸರಿ ಮಾಡಿಕೊಂಡು, ನನ್ನ ಮುಖ ನೋಡದೆ, ಆ ಹುಡುಗಿಗೆ ಹೇಳಿದಳು:

"ನಮ್ ತಮ್ಮ. ಹಿಂಗೇ ತಮಾಷೆ ಮಾಡ್ತಿರ್ತಾನೆ. ನೀನು ಹಾಡು ಕೇಳವ್ವ."